ಕೈರೋ ಭಾಷಣಕ್ಕೆ ಕನ್ನಡ ಸಬ್‌ಟೈಟಲ್: ಏಳರಲ್ಲಿ ಆರು ಮುಗಿದವು

ಹೋದ ಸಲ ಬರೆದಾಗ ಎರಡನೇ ವಿಷಯದಲ್ಲೇ ಸಿಕ್ಕಿಕೊಂಡಿದ್ದೆ. ಈಗ ಆರನೆಯದು ಮುಗಿದಿದೆ. ಭಾನುವಾರಗಳಲ್ಲಿ ಮಾತ್ರ ಕೂರುವ ಕೆಲಸ, ಹಾಗಾಗಿ ಆಮೆ ನಡಿಗೆ.

ಹೊಸಬರಿಗೆ ಎರಡು ಮಾತು. ಬರಾಕ್ ಒಬಾಮ 2009ರ ಜೂನ್ 4ರಂದು ಕೈರೋ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದರು. ಅಲ್ ಅಝರ್ ವಿಶ್ವವಿದ್ಯಾಲಯವೂ ಅದಕ್ಕೆ ಜೊತೆಯ ಆತಿಥೇಯ. ಅಮೆರಿಕ ಮತ್ತು ಜಗತ್ತಿನ ಮುಸ್ಲಿಮರ ನಡುವೆ ಹೊಸ ಆರಂಭ ಬೇಕು ಎಂದು ಕೇಳಿದ ಭಾಷಣ ಅದು. ಅದರಲ್ಲಿ ಒಂದೊಂದಾಗಿ ಏಳು ವಿಷಯಗಳನ್ನು ಎತ್ತಿಕೊಳ್ಳುತ್ತಾರೆ. ಉದ್ದ ಸುಮಾರು 55 ನಿಮಿಷ. ಅದಕ್ಕೆ ಕನ್ನಡ ಸಬ್‌ಟೈಟಲ್ ಹಾಕುವುದು ನನ್ನ ಹುಚ್ಚು. ಯಾರೂ ಕೇಳಿಲ್ಲ, ಸುಮ್ನೆ ಮಾಡುತ್ತಿದ್ದೇನೆ. ಇದಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ, ಮೇ 4ರಂದು, ಇದೇ ಒಬಾಮ ಇನ್ನೊಂದು ಮಾತು ಹೇಳಿದ್ದರು. ಬೆಂಗಳೂರಿನಲ್ಲಿ ಕೆಲಸ ಸೃಷ್ಟಿಸಿದ ಕಂಪನಿಗೆ ಕಡಿಮೆ ತೆರಿಗೆ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಸೃಷ್ಟಿಸಿದರೆ ಜಾಸ್ತಿ, ಇದು ಯಾವ ನ್ಯಾಯ ಅಂತ. ನಮ್ಮ ಕಡೆ ಆ ಮಾತೇ ಹೆಚ್ಚು ಸುದ್ದಿಯಾಯಿತು. ಕೈರೋ ಭಾಷಣವನ್ನು ಪೂರ್ತಿ ಕೇಳಿದವರು ನನ್ನ ಪರಿಚಯದಲ್ಲಿ ಯಾರೂ ಇರಲಿಲ್ಲ.

ಮೊದಲ ತೊಂದರೆ ಮೊದಲ ನಿಮಿಷದಲ್ಲೇ ಶುರು. ಅಮೆರಿಕದ ಮುಸ್ಲಿಮರಿಂದ ಶಾಂತಿಯ ಶುಭಾಶಯ ತಂದಿದ್ದೇನೆ ಎಂದು ಹೇಳಿ, ಕೊನೆಗೆ "ಅಸ್ಸಲಾಮು ಅಲೈಕುಂ" ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ನಾನು ಸರಾಗವಾಗಿ ಬರೆದ ಕನ್ನಡ ವಾಕ್ಯದಲ್ಲಿ ಆ ಶುಭಾಶಯ ನಡುವೆ ಬಂದು "ತಂದಿದ್ದೇನೆ" ಕೊನೆಗೆ ಕೂತಿತ್ತು. ಅಂದರೆ ಅವರು ಬಾಯಿ ಬಿಡುವ ಮೊದಲೇ ಪರದೆ ಮೇಲೆ ಸಲಾಂ ಆಗಿಬಿಡುತ್ತಿತ್ತು! ಒಡೆದು ಎರಡು ಮಾಡಿದೆ.

ಇದೇ ಕಾಟ ಇಸ್ರೇಲ್ ಭಾಗದಲ್ಲಿ ದೊಡ್ಡದಾಯಿತು. ಇಸ್ರೇಲ್ ಮುಂದುವರಿಸುತ್ತಿರುವ ವಸಾಹತುಗಳನ್ನು ಅಮೆರಿಕ ನ್ಯಾಯವೆಂದು ಒಪ್ಪುವುದಿಲ್ಲ ಎಂಬ ವಾಕ್ಯವಿದೆ. ನಮ್ಮ ಭಾಷೆಯಲ್ಲಿ "ಇಲ್ಲ" ಬರುವುದೇ ಕಟ್ಟಕಡೆಗೆ. ಸಬ್‌ಟೈಟಲ್ ಎರಡಾಗಿ ಒಡೆದರೆ, ಮೊದಲ ಎರಡು ಮೂರು ಸೆಕೆಂಡು ಓದುವವನಿಗೆ ಅಮೆರಿಕ ಒಪ್ಪಿದ ಹಾಗೇ ಕಾಣುತ್ತದೆ. ಕೊನೆಗೆ ಹೀಗೆ ತಿರುಗಿಸಿದೆ: "ಅಮೆರಿಕ ಇದನ್ನು ಒಪ್ಪುವುದಿಲ್ಲ: ಈ ವಸಾಹತುಗಳು ಮುಂದುವರಿಯುವುದು ನ್ಯಾಯವಲ್ಲ." ಸ್ವಲ್ಪ ಒರಟು, ಆದರೆ ಮೋಸ ಇಲ್ಲ.

"ವಸಾಹತು" ಅನ್ನುವ ಪದಕ್ಕೇ ಒಂದು ಇಡೀ ಭಾನುವಾರ ಹೋಯಿತು. ಭಾಷಣದ ಆರಂಭದಲ್ಲಿ ಒಬಾಮ ವಸಾಹತುಶಾಹಿಯನ್ನೂ ಹೆಸರಿಸುತ್ತಾರೆ. ಅದು ಮುಸ್ಲಿಮರ ಹಕ್ಕು, ಅವಕಾಶ ಕಸಿದುಕೊಂಡಿತು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೂ ಇಸ್ರೇಲ್ ತಾನು ಆಕ್ರಮಿಸಿಕೊಂಡ ವೆಸ್ಟ್ ಬ್ಯಾಂಕಿನಲ್ಲಿ ಕಟ್ಟಿದ ಮನೆಗಳಿಗೂ ಬೇರೆ ಬೇರೆ ಪದ. ಕನ್ನಡದಲ್ಲಿ ಎರಡಕ್ಕೂ ಒಂದೇ ಬೇರು. ಅವರು ಜೋಡಿಸದೆ ಇದ್ದದ್ದನ್ನು ನಮ್ಮ ಪದ ತಾನಾಗಿಯೇ ಜೋಡಿಸಿಬಿಡುತ್ತದೆ. ಜೋಡಿಸಿದರೆ ತಪ್ಪೇನು ಅಂತ ಗೆಳೆಯನೊಬ್ಬ ಕೇಳಿದ. ಅವನ ವಾದ ಇರಬಹುದು, ಭಾಷಣ ಅವನದಲ್ಲವಲ್ಲ. "ಬಡಾವಣೆ" ಅಂದರೆ ಸೈಟು ಹಂಚಿದ ಹಾಗಿದೆ. "ನೆಲೆ" ಅಂದರೆ ಸೇನಾ ನೆಲೆ. ಕೊನೆಗೆ ಪತ್ರಿಕೆಗಳು ಬಳಸುವ "ವಸಾಹತು"ವನ್ನೇ ಉಳಿಸಿಕೊಂಡು, ಆರಂಭದ ಕಡೆ "ಪರದೇಶದವರ ಆಳ್ವಿಕೆ" ಎಂದು ಬದಲಿಸಿದೆ.

ಈ ಭಾಷಣದ ಜೀವ ಇರುವುದೇ ಇಂಥ ಕಡೆ ಅಂತ ನನಗೆ ಈಗ ಅನ್ನಿಸುತ್ತದೆ. ಏಳು ವಿಷಯಗಳಲ್ಲಿ ಮೊದಲನೆಯದನ್ನು ಅವರು ಭಯೋತ್ಪಾದನೆ ಎಂದು ಕರೆಯುವುದಿಲ್ಲ. ಹಿಂಸೆಯ ಹಾದಿ ಹಿಡಿದ ತೀವ್ರವಾದ ಎನ್ನುತ್ತಾರೆ. ನಾನು ಮೊದಲು "ಉಗ್ರವಾದ" ಎಂದು ಬರೆದಿದ್ದೆ. ಆದರೆ ನಮ್ಮ ತಲೆಬರಹಗಳಲ್ಲಿ "ಉಗ್ರ" ಅಂದರೆ ಬಾಂಬ್ ಹಿಡಿದವನೇ. ಅವರು ಬಾಗಿಲಲ್ಲಿ ತಡೆದದ್ದನ್ನು ನಾನು ಹಿತ್ತಲಿಂದ ಒಳಗೆ ಬಿಟ್ಟ ಹಾಗಾಗುತ್ತಿತ್ತು. ಜನವರಿಯ ಪ್ರಮಾಣವಚನದ ಭಾಷಣದಲ್ಲಿ "ಮುಸ್ಲಿಂ ಜಗತ್ತಿಗೆ" ಎಂದಿದ್ದವರು, ಕೈರೋದಲ್ಲಿ ತಮ್ಮ ಉದ್ದೇಶ ಹೇಳುವಾಗ "ಜಗತ್ತಿನ ಮುಸ್ಲಿಮರು" ಅನ್ನುತ್ತಾರೆ. ಬರೀ ಪದ ಹಿಂದೆಮುಂದೆ ಆಯಿತು, ಅಷ್ಟೇ. ಆದರೆ ಒಂದರಲ್ಲಿ ಬೇರೆಯೇ ಒಂದು ಲೋಕ ಇದೆ, ಇನ್ನೊಂದರಲ್ಲಿ ಇರುವುದು ಜನ.

ಇರಾನ್ ಬಗ್ಗೆ ಒಂದೇ ವಾಕ್ಯ ನನ್ನನ್ನು ಒಂದು ಗಂಟೆ ಕೂರಿಸಿತು. 1953ರಲ್ಲಿ ಅಲ್ಲಿನ ಪ್ರಧಾನಿ ಮೊಸದೆಗ್ ಸರ್ಕಾರ ಉರುಳಿದ್ದರ ಮಾತು. ಒಬಾಮ ಹೆಸರು, ಇಸವಿ ಎರಡನ್ನೂ ಹೇಳುವುದಿಲ್ಲ. ಶೀತಲ ಸಮರದ ನಡುವೆ, ಜನ ಆರಿಸಿದ ಇರಾನ್ ಸರ್ಕಾರ ಉರುಳಿಸುವುದರಲ್ಲಿ ಅಮೆರಿಕ ಪಾತ್ರ ವಹಿಸಿತು, ಅಷ್ಟೇ ಹೇಳುತ್ತಾರೆ. ನನ್ನ ಬೆರಳು ತಾನಾಗಿ "ಕೈವಾಡ" ಎಂದು ಟೈಪ್ ಮಾಡಿತ್ತು. ಕನ್ನಡಕ್ಕೆ ಅದೇ ಸಹಜ. ಆದರೆ ಕೈವಾಡ ಅಂತ ಎದುರಾಳಿ ಹೇಳುತ್ತಾನೆ, ಮಾಡಿದವನೇ ಹೇಳುವುದಿಲ್ಲ. "ಪಾತ್ರ" ಉಳಿಯಿತು.

ಹಿಜಾಬ್ ಎರಡು ಸಲ ತಡೆಯಿತು. ಮೊದಲ ಸಲ ಉಚ್ಚಾರಣೆ: ಒಬಾಮ ನಾಲಿಗೆ ತೊದಲಿ "ಹಜಿಬ್" ಅಂದುಬಿಟ್ಟರು. ನಾನು ಹಿಜಾಬ್ ಎಂದೇ ಹಾಕಿದ್ದೇನೆ. ಎರಡನೆಯದು ಹೆಣ್ಣುಮಕ್ಕಳ ಭಾಗ, ಅಂದರೆ ಆರನೇ ವಿಷಯ. ತಲೆ ಮುಚ್ಚಿಕೊಳ್ಳುವ ಹೆಣ್ಣು ಯಾವ ರೀತಿಯಲ್ಲೂ ಕಡಿಮೆಯಲ್ಲ, ಆದರೆ ಓದು ಸಿಗದ ಹೆಣ್ಣಿಗೆ ಸಮಾನತೆಯೇ ಸಿಕ್ಕಿಲ್ಲ ಎನ್ನುತ್ತಾರೆ. 2009ರ ಕೈರೋದ ಮಾತು ಇದು. ಕನ್ನಡದಲ್ಲಿ ಟೈಪ್ ಮಾಡುತ್ತಾ ಹೋದರೆ 2022ರ ಉಡುಪಿಯ ಕಾಲೇಜು ಗೇಟು ಕಣ್ಣ ಮುಂದೆ ಬರುತ್ತದೆ. ಬೇರೆ ಯಾವ ಸಾಲಿಗೂ ಇಲ್ಲದಷ್ಟು ಸಲ ಇದನ್ನು ತಿದ್ದಿದೆ.

ತಾಂತ್ರಿಕ ಗೋಳೂ ಇದೆ. ಅಕ್ಷರ ಎಣಿಸುವ ಸಾಫ್ಟ್‌ವೇರಿಗೆ ಕನ್ನಡ ಅರ್ಥವಾಗುವುದಿಲ್ಲ. "ರಾಷ್ಟ್ರ" ನಮ್ಮ ಕಣ್ಣಿಗೆ ಎರಡು ಅಕ್ಷರ, ಅದಕ್ಕೆ ಏಳು. ಸಾಲು ಉದ್ದವಾಯಿತು ಅಂತ ಕೆಂಪು ಬಣ್ಣ ತೋರಿಸುತ್ತಲೇ ಇರುತ್ತದೆ. ಒತ್ತಕ್ಷರಗಳ ಬಾಲ ಕೆಳಗಿನ ಸಾಲಿಗೆ ತಾಗುತ್ತಿತ್ತು, ಫಾಂಟ್ ಬದಲಿಸಿ ಸಾಲುಗಳ ನಡುವೆ ಜಾಗ ಬಿಟ್ಟೆ. ಒಂದು ರಾತ್ರಿ ಫೈಲನ್ನು ಯೂನಿಕೋಡ್ ಅಲ್ಲದ ರೂಪದಲ್ಲಿ ಉಳಿಸಿ, ಬೆಳಿಗ್ಗೆ ನೋಡಿದರೆ ಪ್ಯಾಲೆಸ್ಟೀನ್ ಭಾಗ ಪೂರ್ತಿ ಪ್ರಶ್ನೆ ಚಿಹ್ನೆಗಳು. ತಪ್ಪು ನನ್ನದೇ. ಮತ್ತೆ ಬರೆದಾಗ ಮೊದಲಿಗಿಂತ ಚೆನ್ನಾಗಿ ಬಂತು, ಅದು ಬೇರೆ ಮಾತು.

ಉಳಿದಿರುವುದು ಆರ್ಥಿಕ ಅಭಿವೃದ್ಧಿಯ ಭಾಗ. ವಿದ್ಯಾರ್ಥಿ ವಿನಿಮಯ, ವಿಜ್ಞಾನದ ನಿಧಿ, ಪೋಲಿಯೋ ನಿರ್ಮೂಲನೆ ಇತ್ಯಾದಿ. ಅದು ಸಲೀಸು. ಆಮೇಲೆ ಕೊನೆಯ ಒಂದೆರಡು ನಿಮಿಷ ಬರುತ್ತದೆ, ಅಲ್ಲಿ ಕುರ್‌ಆನ್, ಯಹೂದಿಗಳ ಗ್ರಂಥ ತಾಲ್ಮುದ್, ಬೈಬಲ್ ಮೂರರಿಂದಲೂ ಒಂದೊಂದು ಮಾತು. ಬೈಬಲ್ಲಿನ ಮಾತು ಶಾಂತಿ ಮಾಡಿಸುವವರ ಬಗ್ಗೆ. ಕನ್ನಡ ಬೈಬಲ್ಲಿನಲ್ಲಿ ಆ ಶಾಂತಿಯ ಜಾಗಕ್ಕೆ "ಸಮಾಧಾನ" ಎಂಬ ಪದವಿದೆ. ನನಗೆ ಅದು "ಶಾಂತಿ"ಗಿಂತ ಹತ್ತಿರ ಅನ್ನಿಸುತ್ತದೆ. ಮನೆಯಲ್ಲಿ ಜಗಳ ಆದಾಗ ನಾವು ಹೇಳುವುದು ಅದನ್ನೇ ಅಲ್ವಾ. ಭಾಷಣ ಮುಗಿಯುವುದೂ ದೇವರ ಶಾಂತಿ ನಿಮ್ಮ ಮೇಲಿರಲಿ ಎಂಬ ಮಾತಿನಿಂದ, ಅಂದರೆ ಆರಂಭದ ಸಲಾಮೇ ಇಂಗ್ಲಿಷಿನಲ್ಲಿ ಮರಳಿ ಬಂದಂತೆ. ಇಲ್ಲಿ "ಸಮಾಧಾನ" ಹಾಕಿದರೆ ಮೊದಲ ನಿಮಿಷದ ಸಾಲಿಗೂ ಅದನ್ನೇ ಹಾಕಬೇಕು. ಮುಂದಿನ ಭಾನುವಾರ ಮತ್ತೆ ಅಲ್ಲಿಂದಲೇ ಶುರು.