ಬೋನ್ ಊರಿನ ಆಸ್ಪತ್ರೆಯೂ ಒಂದು ಕಾಸರಕದ ಡಬ್ಬಿಯೂ

ಬೀದಿ ಕಡೆಯಿಂದ ನೋಡಿದರೆ, ಇದಕ್ಕೆ ಟಿಕೆಟ್ ಬೇರೆ ತಗೋಬೇಕಾ ಅನ್ನಿಸುತ್ತದೆ. ಉದ್ದನೆಯ ಬೂದು ಗೋಡೆ. ಅದರ ಮೇಲೆ ಕಡಿದಾದ ಸ್ಲೇಟ್ ಕಲ್ಲಿನ ಮಾಡು. ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಅನ್ನೋ ಚಿಕ್ಕ ಊರಿನಲ್ಲಿರುವ ಈ ಕಟ್ಟಡಕ್ಕೆ ಓತೆಲ್ ದ್ಯೂ ಅಂತ ಹೆಸರು. ಹದಿನೈದನೇ ಶತಮಾನದ ಆಸ್ಪತ್ರೆ, ಈಗ ಮ್ಯೂಸಿಯಂ. ದಿಜೋನ್‌ನಲ್ಲಿ ಓದುತ್ತಿರುವ ನನ್ನ ತಂಗಿ, 'ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ, ಸುಮ್ನೆ ಬಾ' ಅಂತ ಎಳೆದುಕೊಂಡು ಬಂದಿದ್ದಳು. ವೈನ್ ಊರುಗಳ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ. ಆಸ್ಪತ್ರೆ ಅಂದರೆ ಕೇಳಲೇಬೇಡಿ.

ಬಾಗಿಲು ದಾಟಿ ಅಂಗಳಕ್ಕೆ ಬಂದರೆ ಬೇರೆಯದೇ ಲೋಕ. ಒಳಗಿನ ಮಾಡುಗಳಿಗೆಲ್ಲ ಹೊಳೆಯುವ ಹೆಂಚು. ಕೆಂಪು, ಕಂದು, ಹಳದಿ, ಹಸಿರು ಬಣ್ಣಗಳು ಓರೆ ಓರೆಯಾಗಿ ಚೌಕಟ್ಟು ಹಾಕಿಕೊಂಡು ತುದಿಯವರೆಗೂ ಹತ್ತಿವೆ. ಕೆಳಗೆ ಮರದ ಕಂಬಗಳ ಪಡಸಾಲೆ, ಅಂಗಳದಲ್ಲಿ ಕಬ್ಬಿಣದ ಕುಸುರಿ ಕೆಲಸದ ಬಾವಿ. ಈಗಿರುವ ಹೆಂಚು 1902ರಿಂದ 1907ರ ನಡುವೆ ಹೊಸದಾಗಿ ಹೊದಿಸಿದ್ದು. ಇಷ್ಟು ಚಂದದ್ದನ್ನು ಬೀದಿಗೆ ತೋರಿಸದೆ ಒಳಗೇ ಇಟ್ಟಿದ್ದು ರೋಗಿಗಳಿಗೋಸ್ಕರ ಇರಬೇಕು ಅಂದೆ. ತಂಗಿ ಒಪ್ಪಲಿಲ್ಲ. 'ಬಡವರ ಹೆಸರಲ್ಲಿ ಇಷ್ಟು ದುಡ್ಡು ಸುರಿದದ್ದು ಊರಿಗೆ ಗೊತ್ತಾಗಬಾರದು ಅಂತ' ಅಂದಳು.

ಅವಳ ಅನುಮಾನಕ್ಕೂ ಕಾರಣವಿದೆ. ಇದನ್ನು ಕಟ್ಟಿಸಿದವನು ನಿಕೊಲಾ ರೋಲಾಂ. ಬರ್ಗಂಡಿಯ ಡ್ಯೂಕ್ ಫಿಲಿಪ್‌ನ ಚಾನ್ಸಲರ್, ಅಂದರೆ ಮುಖ್ಯ ಮಂತ್ರಿಯಂಥವನು, ಆ ಕಾಲದ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವಿನ ನೂರು ವರ್ಷಗಳ ಯುದ್ಧ ಇನ್ನೂ ಮುಗಿದಿರಲಿಲ್ಲ. ಕೆಲಸವಿಲ್ಲದ ಸೈನಿಕರು ಹಳ್ಳಿಗಳನ್ನು ದೋಚುತ್ತಿದ್ದರು. ಬರ, ಪ್ಲೇಗು ಎಲ್ಲಾ ಒಟ್ಟಿಗೆ. 1443ರಲ್ಲಿ ರೋಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಲಾಂ ಸೇರಿ ಈ ಆಸ್ಪತ್ರೆಗೆ ದಾನಪತ್ರ ಬರೆದರು. ಮೊದಲ ರೋಗಿ ಬಂದದ್ದು 1452ರ ಜನವರಿ 1ಕ್ಕೆ. ಹನ್ನೊಂದನೇ ಲೂಯಿ ದೊರೆ ಆಡಿದ ಅಂತ ಒಂದು ಮಾತು ಇಲ್ಲಿ ಚಾಲ್ತಿಯಲ್ಲಿದೆ: ಅಷ್ಟೊಂದು ಜನರನ್ನು ಬಡವರನ್ನಾಗಿ ಮಾಡಿದವನು ಅವರಿಗೊಂದು ಸೂರು ಕಟ್ಟಿಸಿದ್ದು ನ್ಯಾಯವೇ. ತಂಗಿಗೆ ಈ ಮಾತು ಎಷ್ಟು ಹಿಡಿಸಿತು ಅಂದರೆ ಇಡೀ ಮಧ್ಯಾಹ್ನ ಅದನ್ನೇ ಹೇಳುತ್ತಿದ್ದಳು.

ಬಡವರ ವಾರ್ಡಿನ ಉದ್ದ 50 ಮೀಟರ್, ಅಗಲ 14. ತಲೆ ಎತ್ತಿದರೆ ಬೋರಲು ಹಾಕಿದ ದೋಣಿಯಂಥ ಮರದ ಚಾವಣಿ, 16 ಮೀಟರ್ ಮೇಲೆ. ಅಡ್ಡ ತೊಲೆಗಳ ಎರಡೂ ತುದಿಗೆ ಬಣ್ಣ ಬಳಿದ ಡ್ರ್ಯಾಗನ್ ತಲೆಗಳು, ತೊಲೆಯನ್ನು ಬಾಯಿಂದ ಉಗುಳುತ್ತಿವೆ. ಗೋಡೆಗುಂಟ ಎರಡು ಸಾಲು ಮಂಚ, ಪ್ರತಿ ಮಂಚಕ್ಕೂ ಕೆಂಪು ಪರದೆ. ಈ ಮಂಚಗಳು ಹಳೇವಲ್ಲ, 1875ರ ಹೊತ್ತಿಗೆ ಒಬ್ಬ ವಾಸ್ತುಶಿಲ್ಪಿ ಮಾಡಿಸಿ ಜೋಡಿಸಿದ್ದು. ಹಿಂದೆ ಒಂದು ಮಂಚಕ್ಕೆ ಇಬ್ಬರು ರೋಗಿಗಳು. ಪಕ್ಕದವನಿಗೆ ಏನು ಕಾಯಿಲೆಯೋ ಯಾರಿಗೆ ಗೊತ್ತು! ನೆಲದ ಹೆಂಚಿನ ಮೇಲೆಲ್ಲ ಗಂಡ ಹೆಂಡತಿಯ ಹೆಸರಿನ ಮೊದಲ ಅಕ್ಷರಗಳನ್ನು ಹೆಣೆದಿದ್ದಾರೆ. ಜೊತೆಗೆ ಒಂದು ನಕ್ಷತ್ರ, 'ನೀನೊಬ್ಬಳೇ' ಅಂತ ಹೆಂಡತಿಗೆ ಹೇಳುವ ಒಂದು ಪದ. ಆಸ್ಪತ್ರೆಯ ನೆಲದ ಮೇಲೆ ಪ್ರೇಮಪತ್ರ ಬರೆದ ಮನುಷ್ಯನನ್ನು ಪೂರ್ತಿ ಬೈಯೋಕೆ ನನಗಾಗಲಿಲ್ಲ.

ಹಾಲ್‌ನ ಆ ತುದಿಗೇ ಪ್ರಾರ್ಥನಾ ಮಂದಿರ. ಎದ್ದು ಹೋಗೋಕಾಗದವರು ಮಲಗಿದಲ್ಲೇ ಪೂಜೆ ನೋಡಲಿ ಅಂತ. ಅಲ್ಲಿ ಮೊದಲು ಇದ್ದದ್ದು ಆ ಕಾಲದ ಚಿತ್ರಕಾರ ರೋಖಿರ್ ವಾನ್ ಡರ್ ವೈಡನ್ ಬರೆದ 'ಕೊನೆಯ ತೀರ್ಪು' ಅನ್ನುವ ದೊಡ್ಡ ಚಿತ್ರಫಲಕ. ಈಗ ಅದನ್ನು ಬೇರೊಂದು ಮಂದ ಬೆಳಕಿನ ಕೋಣೆಯಲ್ಲಿ ಇಟ್ಟಿದ್ದಾರೆ. ನಡುವೆ ನಿಂತ ದೇವದೂತ ಮೈಕೆಲ್ ತಕ್ಕಡಿ ಹಿಡಿದಿದ್ದಾನೆ. ಪಾಪದ ತಟ್ಟೆ ಭಾರವಾಗಿ ಕೆಳಗಿಳಿದಿದೆ, ಅದರಲ್ಲಿರುವವನ ಬಾಯಿ ಕಿರುಚಾಟಕ್ಕೆ ತೆರೆದೇ ಇದೆ. ಜ್ವರ ಬಂದು ಮಲಗಿದವನಿಗೆ ಇದನ್ನು ತೋರಿಸೋದಾ ಅಂತ ನನಗೆ ಸಿಟ್ಟೇ ಬಂತು. ಆದರೆ ದಿನಾ ಅಲ್ಲವಂತೆ. ಫಲಕಕ್ಕೆ ಮಡಚುವ ಬಾಗಿಲುಗಳಿವೆ, ಭಾನುವಾರ ಮತ್ತು ಹಬ್ಬಗಳಲ್ಲಿ ಮಾತ್ರ ಅವನ್ನು ತೆರೆಯುತ್ತಿದ್ದರು. ಮಿಕ್ಕ ದಿನ ರೋಗಿಗಳಿಗೆ ಕಾಣುತ್ತಿದ್ದದ್ದು ಮುಚ್ಚಿದ ಬಾಗಿಲಿನ ಹೊರಮೈ. ಅಲ್ಲಿ ಸಂತ ಸೆಬಾಸ್ಟಿಯನ್, ಸಂತ ಆಂಟನಿ. ಪ್ಲೇಗಿಗೆ ಜನ ಹರಕೆ ಹೊರುತ್ತಿದ್ದದ್ದು ಸೆಬಾಸ್ಟಿಯನ್‌ಗೆ. ಆಂಟನಿಯದು ಇನ್ನೊಂದು ಭಯಂಕರ ಕಾಯಿಲೆ. ರೈ ಧಾನ್ಯದ ತೆನೆಗೆ ಒಂದು ಬೂಷ್ಟು ಹಿಡಿಯುತ್ತದೆ. ಆ ಹಿಟ್ಟಿನ ಬ್ರೆಡ್ ತಿಂದವರ ಕೈಕಾಲು ಬೆಂಕಿ ಬಿದ್ದಂತೆ ಉರಿದು, ಕೊನೆಗೆ ಕಪ್ಪಾಗಿ ಕೊಳೆತು ಉದುರುತ್ತಿದ್ದವು. ಕಾರಣ ಬ್ರೆಡ್ಡು ಅಂತ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಒಳ್ಳೆ ಬ್ರೆಡ್ ತಿಂದು ಕೆಲವರು ಗುಣವಾಗಿರಲೂಬಹುದು. ಆ ಪುಣ್ಯವೂ ಆಂಟನಿಯ ಲೆಕ್ಕಕ್ಕೇ ಹೋಗಿರಬೇಕು.

ಅಡುಗೆಮನೆ ನನಗೆ ಹಿಡಿಸಲಿಲ್ಲ. 1698ರ ಒಂದು ಯಂತ್ರ ಇದೆ, ಮಾಂಸದ ಕಂಬಿಯನ್ನು ತಾನೇ ತಿರುಗಿಸುತ್ತದೆ. ಒಬ್ಬ ಪುಟ್ಟ ಬೊಂಬೆ ಮನುಷ್ಯ ತಿರುಗಿಸುತ್ತಿರುವ ಹಾಗೆ ಮಾಡಿದ್ದಾರೆ. ಅದು ಮಜವಾಗಿದೆ. ಆದರೆ ಅದರ ಸುತ್ತ ನನ್‌ಗಳ ಬೊಂಬೆ ನಿಲ್ಲಿಸಿ, ರೆಕಾರ್ಡ್ ಮಾಡಿದ ಧ್ವನಿ ಹಾಕಿ, ವಸ್ತುಪ್ರದರ್ಶನದ ಮಳಿಗೆ ಮಾಡಿಬಿಟ್ಟಿದ್ದಾರೆ. ಖಾಲಿ ಒಲೆಯೇ ಸಾಕಿತ್ತು. ಸಾಯುವ ಸ್ಥಿತಿಯವರನ್ನು ಇಡುತ್ತಿದ್ದ ಕೋಣೆ ವಾಸಿ. ಅಲ್ಲಿ ನೆಲಕ್ಕೆ ಒಂದು ಗಾಜು ಕೂರಿಸಿದ್ದಾರೆ. ಬಗ್ಗಿ ನೋಡಿದರೆ ಕೆಳಗೆ ಬೂಜೇಜ್ ಹೊಳೆ ಹರಿಯುತ್ತದೆ. ಆಸ್ಪತ್ರೆಯ ಕೊಳೆಯೆಲ್ಲ ಅದಕ್ಕೇ.

ನಾನು ನಿಂತುಬಿಟ್ಟದ್ದು ಔಷಧದ ಕೋಣೆಯಲ್ಲಿ. ಕಂಚಿನ ದೊಡ್ಡ ಒರಳು, ಕಪಾಟಿನ ತುಂಬ 1782ರ ಪಿಂಗಾಣಿ ಜಾಡಿಗಳು, ಗಾಜಿನ ಬಾಟಲಿಗಳು. ತಂಗಿ ಲೇಬಲ್ ಓದಿ ಹೇಳುತ್ತಾ ಹೋದಳು. ಮರದ ಹೇನಿನ ಪುಡಿ. ಅದೇ, ಒದ್ದೆ ಕಲ್ಲು ಎತ್ತಿದರೆ ಉಂಡೆಯಾಗುವ ಹುಳ. ಇನ್ನೊಂದರ ಮೇಲೆ 'ಸಿಗಡಿ ಕಣ್ಣು'. ನಿಜಕ್ಕೂ ಅದು ಕಣ್ಣಲ್ಲ, ಹೊಳೆ ಸಿಗಡಿಯ ಹೊಟ್ಟೆಯಲ್ಲಿ ಬೆಳೆಯುವ ಸುಣ್ಣದ ಹರಳು. ಹೊಟ್ಟೆಯುರಿಗೆ ಕೊಡುತ್ತಿದ್ದರು. ಸುಣ್ಣ ಹುಳಿಯನ್ನು ತಗ್ಗಿಸುತ್ತದೆ, ಇವತ್ತಿನ ಆಂಟಾಸಿಡ್ ಮಾತ್ರೆಯ ಕೆಲಸವೂ ಅಷ್ಟೇ ಅಲ್ವಾ? ಆಮೇಲೆ ಅವಳು ಓದಿದ್ದು 'ನುವಾ ವೋಮಿಕ್'.

'ನಕ್ಸ್ ವಾಮಿಕಾನಾ?' ಅಂದೆ. ನಮ್ಮಲ್ಲಿ ಹೋಮಿಯೋಪತಿ ಸಕ್ಕರೆ ಗುಳಿಗೆ ತಿಂದವರಿಗೆಲ್ಲ ಗೊತ್ತಿರುವ ಹೆಸರು. ಅಂದರೆ ಕಾಸರಕ. ಅಜ್ಜಿ ಮನೆ ಗುಡ್ಡದ ಮರ! ಕಿತ್ತಳೆ ಬಣ್ಣದ ನುಣ್ಣನೆ ಹಣ್ಣು. ಒಡೆದರೆ ಬಿಳಿ ಲೋಳೆ, ಅದರೊಳಗೆ ಅಂಗಿ ಗುಂಡಿಯಷ್ಟು ಚಪ್ಪಟೆ ಬೀಜ, ಬೂದು ಬಣ್ಣ, ಮೇಲೆ ರೇಷ್ಮೆ ಹೊಳಪಿನ ಸಣ್ಣ ರೋಮ. ಮುಟ್ಟಿದರೂ ಕೈ ತೊಳೆಸುತ್ತಿದ್ದಳು ಅಜ್ಜಿ, ಅಷ್ಟು ವಿಷ. ಆ ಮರ ಭಾರತದ್ದು, ನಮ್ಮ ಕಡೆಯ ಕಾಡುಗಳದ್ದು. ಫ್ರಾನ್ಸಿನಲ್ಲಿ ಬೆಳೆಯಲ್ಲ. ಹಡಗಿನಲ್ಲಿ ಸಮುದ್ರ ದಾಟಿ, ಬಂದರಿನಿಂದ ಗಾಡಿ ಹತ್ತಿ ಈ ಕಪಾಟಿಗೆ ಬಂದಿತ್ತು. ಅದರೊಳಗಿನ ವಿಷ ಸ್ಟ್ರಿಕ್ನಿನ್ ಅನ್ನು 1818ರಲ್ಲಿ ಬೇರ್ಪಡಿಸಿದ್ದೂ ಫ್ರೆಂಚರೇ, ಪೆಲ್ತಿಯೇ ಮತ್ತು ಕವಾಂತೂ. ಅದಕ್ಕೂ ಮೊದಲು ಇಲ್ಲಿನ ನನ್‌ಗಳು ಯಾವ ಧೈರ್ಯದ ಮೇಲೆ ಎಷ್ಟು ಚಿಟಿಕೆ ಅಳೆದು ಕೊಡುತ್ತಿದ್ದರೋ!

ನಾವಿಬ್ಬರೂ ಜೋರಾಗಿ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಒಬ್ಬ ಅಜ್ಜಿಯ ಕಿವಿಗೆ ಬಿತ್ತು. ಪ್ಯಾರಿಸ್‌ನಿಂದ ಬಂದ ಮೊಮ್ಮಗನಿಗೆ ಊರು ತೋರಿಸಲು ಬಂದವರು. ಆ ಡಬ್ಬಿಯಲ್ಲಿ ಏನಿದೆ ಅಂತ ಅಷ್ಟು ಮಾತು ಅಂತ ಕೇಳಿದರು. ತಂಗಿ ಹೇಳಿದಳು. ಅಂಗಳದ ಬೆಂಚಿನ ಮೇಲೆ ಕೂತು ಮತ್ತೆ ಮೊದಲಿನಿಂದ ಹೇಳಿಸಿಕೊಂಡರು. ಹಣ್ಣು ಹೇಗಿರುತ್ತೆ, ಹಕ್ಕಿ ತಿನ್ನುತ್ತಾ, ದನ ತಿಂದರೆ ಏನಾಗುತ್ತೆ, ಮನೆ ಹತ್ತಿರ ಅಂಥ ಮರ ಯಾಕೆ ಇಟ್ಟುಕೊಂಡಿದ್ದಿರಿ? ಕಡಿಯೋಕೆ ಯಾರೂ ಯೋಚಿಸಿರಲಿಲ್ಲ ಅಂದೆ.

ಆಮೇಲೆ ಅವರ ಸರದಿ. ಚಿಕ್ಕ ಹುಡುಗಿಯಾಗಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಗಿ ಇಲ್ಲೇ ಮಲಗಿದ್ದರಂತೆ. ಅದೇನೂ ವಿಚಿತ್ರವಲ್ಲ, 1971ರವರೆಗೂ ಇದು ನಡೆಯುತ್ತಿದ್ದ ಆಸ್ಪತ್ರೆ. ಆದರೆ ಎದುರಿಗೆ ಕೂತವರು 'ಇಲ್ಲೇ ಮಲಗಿದ್ದೆ' ಅಂದಾಗ ಅದುವರೆಗೆ ನೋಡಿದ್ದೆಲ್ಲ ಬೇರೆ ಥರ ಕಾಣತೊಡಗಿತು. ನೋವಾಗಿತ್ತಾ ಅಂತ ಕೇಳಿದೆ. ನೋವು ನೆನಪಿಲ್ಲ, ಸೂಪು ನೆನಪಿದೆ, ಉಪ್ಪೇ ಇರುತ್ತಿರಲಿಲ್ಲ ಅಂದರು. ಆಗಲೇ ಪ್ರವಾಸಿಗಳು ಬರುತ್ತಿದ್ದರು. ಕ್ಯಾಮರಾ ಹಿಡಿದು ಅಂಗಳದಲ್ಲಿ ನಿಂತು ಮಾಡು ನೋಡುವುದು. 'ಅವರು ಹೆಂಚು ನೋಡೋರು, ನಾವು ಕಿಟಕಿಯಿಂದ ಅವರ ಟೋಪಿ ನೋಡಿ ನಗೋದು.' ಮಾಡಿನ ಬಣ್ಣ ನಿಮಗೆ ಖುಷಿ ಕೊಡುತ್ತಿತ್ತಾ ಅಂತ ನನ್ನ ವಾದಕ್ಕೆ ಬೆಂಬಲ ಹುಡುಕಿದೆ. ಮಕ್ಕಳು ಮಾಡು ನೋಡ್ತಾರಾ ಅಂತ ಕೈ ಬೀಸಿಬಿಟ್ಟರು. ತಂಗಿ ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು.

ಈ ಮಾತಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಊಟದ ಗತಿ ಏನಾಯಿತು ಅಂದರೆ ಈಗಲೂ ಮೈ ಉರಿಯುತ್ತದೆ. ಎರಡು ಗಂಟೆ ದಾಟಿದರೆ ಇಂಥ ಊರುಗಳಲ್ಲಿ ಹೆಚ್ಚಿನ ಕಡೆ ಒಲೆ ಆರಿಸಿಬಿಡುತ್ತಾರೆ. ತೆರೆದಿದ್ದ ಒಂದೇ ಕಡೆ ಮಾಂಸ ಬೇಡ, ಮೀನೂ ಬೇಡ ಅಂತ ತಂಗಿ ಅಚ್ಚ ಫ್ರೆಂಚಿನಲ್ಲಿ ಹೇಳಿದಳು. ಬಂದ ಸಲಾಡ್ ತುಂಬ ಹಂದಿಮಾಂಸದ ಚೂರು. ಕೇಳಿದರೆ, ಅದು ರುಚಿಗೆ ಹಾಕಿದ್ದು, ಮಾಂಸದ ಊಟ ಅಲ್ಲ ಅನ್ನುವ ಉತ್ತರ. ದುಡ್ಡು ಮಾತ್ರ ಪೂರ್ತಿ ತಗೊಂಡರು. ನೀವು ಹೋಗುವುದಾದರೆ ಒಂದೂವರೆಯೊಳಗೆ ಊಟಕ್ಕೆ ಕೂತುಬಿಡಿ. 'ಲಾರ್ದೋಂ ಬೇಡ', ಅಂದರೆ ಆ ಹಂದಿಮಾಂಸದ ಚೂರು ಬೇಡ, ಅಂತ ಬಿಡಿಸಿ ಹೇಳಿ. ಇಲ್ಲಾ ನಮ್ಮ ಥರ ಬೇಕರಿಯ ಬ್ರೆಡ್ಡು, ಚೀಸ್ ತಗೊಂಡು ಕೋಟೆ ಗೋಡೆ ಹತ್ತಿರ ಕೂರಬಹುದು. ಚೀಸ್ ಮಾತ್ರ ಬಹಳ ಚೆನ್ನಾಗಿತ್ತು.

ಆಸ್ಪತ್ರೆ ನಡೆದದ್ದೇ ವೈನಿನ ದುಡ್ಡಿನಲ್ಲಿ. ಜನ ಸಾಯುವಾಗ ದ್ರಾಕ್ಷಿ ತೋಟ ಬರೆದುಕೊಡುತ್ತಿದ್ದರು. ಹಾಗೆ ಸೇರಿದ್ದು ಈಗ ಸುಮಾರು 60 ಹೆಕ್ಟೇರ್. 1859ರಿಂದ ಅದರ ವೈನನ್ನು ಹರಾಜು ಹಾಕುತ್ತಾರೆ, ನವೆಂಬರ್ ಮೂರನೇ ಭಾನುವಾರ. ಪೀಪಾಯಿ ಲೆಕ್ಕದಲ್ಲಿ ಮಾರಾಟ, ದುಡ್ಡು ಊರಿನ ಈಗಿನ ಆಸ್ಪತ್ರೆಗೂ ಹೋಗುತ್ತದೆ. ಬೆಂಚಿನ ಅಜ್ಜಿಗೆ ಅದೇ ದೊಡ್ಡ ದೂರು. 'ತೋಟ ಕೊಟ್ಟದ್ದು ನಮ್ಮ ಅಜ್ಜಂದಿರು, ಕುಡಿಯೋರು ಅಮೆರಿಕದವರು' ಅಂದರು. ಹರಾಜಿನ ವಾರ ಊರಲ್ಲಿ ರೂಮು ಸಿಗಲ್ಲ, ಬೇಡ, ಬೇಸಿಗೆಯಲ್ಲೂ ಬೇಡ, ಏಪ್ರಿಲ್‌ನಲ್ಲಿ ಬನ್ನಿ ಅಂತ ಅವರ ಸಲಹೆ. ಬರುವಾಗ ಆ ವಿಷದ ಬೀಜ ಒಂದು ತರುತ್ತೀರಾ ಅಂತಲೂ ಕೇಳಿದರು. ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ ಅಂದೆ. ಹಾಗಾದರೆ ಫೋಟೋ ಕಳಿಸಿ ಅಂತ ಮೊಮ್ಮಗನ ನಂಬರ್ ಬರೆಸಿದರು.