ಹೆಸರು ಕರೆದ್ರೆ ತಿರುಗ್ತಾನಾ?

ನಮ್ ಪುಟ್ಟಂಗೆ ಆಟಿಸಂ ಇದೆ, ಅಂದ್ರೆ ಮಾತು, ಬೇರೆಯವ್ರ ಜೊತೆ ಬೆರೆಯೋದು ಬೇರೆ ತರ ಬೆಳೆಯೋ ಸ್ಥಿತಿ, ಆದ್ರೆ ಅದು ಗೊತ್ತಾಗಿದ್ದು ತುಂಬಾ ತಡವಾಗಿ. ಅವ್ನಿಗೆ ಒಂದೂವರೆ ವರ್ಷ ಆದಾಗ ಬೂಸ್ಟರ್ ಇಂಜೆಕ್ಷನ್ ಹಾಕ್ಸೋಕೆ ಯಾವಾಗ್ಲೂ ತೋರಿಸೋ ಮಕ್ಕಳ ಡಾಕ್ಟ್ರ ಹತ್ರ ಹೋಗಿದ್ವಿ. ತೂಕ ನೋಡಿದ್ರು, ತಲೆ ಸುತ್ತ ಟೇಪ್ ಹಿಡಿದ್ರು, ತೊಡೆಗೆ ಚುಚ್ಚಿದ್ರು, ಜ್ವರ ಬಂದ್ರೆ ಈ ಸಿರಪ್ ಕೊಡಿ ಅಂತ ಬರೆದ್ರು. ಎದ್ದು ಬರೋವಾಗ ನನ್ನ ಹೆಂಡ್ತಿ ಬಾಗ್ಲ ಹತ್ರ ನಿಂತ್ಕೊಂಡು, ಸಾರ್ ಇವ್ನು ಹೆಸರು ಕರೆದ್ರೆ ತಿರುಗೋದೇ ಇಲ್ಲ, ಮೊದ್ಲು ಅಮ್ಮ ಅಂತಿದ್ದ, ಅತ್ತ ಅಂತಿದ್ದ, ಈಗ ಅದೂ ನಿಂತೋಗಿದೆ ಅಂದ್ಲು. ಡಾಕ್ಟ್ರು ಮುಂದಿನ ಫೈಲ್ ತೆಗೀತಾ, ಗಂಡುಮಕ್ಳು ಸ್ವಲ್ಪ ಲೇಟೇ ಅಮ್ಮ, ಮೂರು ತುಂಬ್ಲಿ ನೋಡೋಣ, ಸುಮ್ನೆ ಗಾಬರಿ ಮಾಡ್ಕೋಬೇಡಿ ಅಂದ್ರು.

ಮನೆಗೆ ಬಂದ್ರೆ ನಮ್ಮಮ್ಮಂದೂ ಅದೇ ಮಾತು. "ನೀನೂ ಮೂರು ತುಂಬೋ ತನಕ ಬಾಯಿ ಬಿಟ್ಟಿರ್ಲಿಲ್ಲ ಕಣೋ." ಅಮ್ಮ ಹೇಳಿದ್ರೆ ಹೇಳ್ಲಿ ಬಿಡಿ, ಅವ್ರೇನು ಎಂಬಿಬಿಎಸ್ ಓದಿದಾರಾ.

ಆ ಡಾಕ್ಟ್ರು ಕೆಟ್ಟವ್ರಲ್ಲ, ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದ್ರೂ ಎತ್ತೋರು, ಇವ್ನಿಗೆ ನ್ಯುಮೋನಿಯಾ ಆದಾಗ ಉಳಿಸಿ ಕೊಟ್ಟೋರು. ಆದ್ರೆ ಮಾತು ಲೇಟಾಗೋದು ಬೇರೆ, ಬಂದಿದ್ದ ಮಾತು ಹೋಗೋದು ಬೇರೆ. ಕಲ್ತಿದ್ದನ್ನ ಮಗು ಬಿಟ್ಟುಬಿಟ್ರೆ ಅದು ಯಾವ ವಯಸ್ಸಲ್ಲಾದ್ರೂ ತಕ್ಷಣ ನೋಡ್ಬೇಕಾದ ವಿಷ್ಯ. ಇದು ನಂಗೆ ಗೊತ್ತಾಗಿದ್ದು ಎರಡು ವರ್ಷ ಆದ್ಮೇಲೆ, ಅದೂ ಡಾಕ್ಟ್ರಿಂದ ಅಲ್ಲ, ಥೆರಪಿ ಸೆಂಟರ್ ಬೆಂಚಲ್ಲಿ ಪಕ್ಕ ಕೂತಿದ್ದ ಇನ್ನೊಬ್ರು ತಾಯಿಯಿಂದ.

ಎಂ-ಚಾಟ್ ಅಂತ ಒಂದಿದೆ, 16 ರಿಂದ 30 ತಿಂಗಳ ಮಕ್ಕಳಿಗೆ, ಬರೀ 20 ಹೌದು-ಇಲ್ಲ ಪ್ರಶ್ನೆ, ಅಪ್ಪ ಅಮ್ಮನೇ ತುಂಬ್ಬೋದು. ಅದ್ರಿಂದ ಆಟಿಸಂ ಅಂತ ತೀರ್ಮಾನ ಆಗಲ್ಲ, ಈ ಮಗೂನ ಸರಿಯಾಗಿ ಪರೀಕ್ಷೆ ಮಾಡ್ಸಿ ಅನ್ನೋ ಸೂಚನೆ ಸಿಗುತ್ತೆ ಅಷ್ಟೇ. ಅಮೆರಿಕಾದ ಮಕ್ಕಳ ಡಾಕ್ಟ್ರ ಸಂಘ 18 ಮತ್ತೆ 24 ತಿಂಗಳಿಗೆ ಎಲ್ಲಾ ಮಕ್ಳಿಗೂ ಆಟಿಸಂ ಸ್ಕ್ರೀನಿಂಗ್ ಮಾಡಿ ಅನ್ನುತ್ತೆ. ನಮ್ಮಲ್ಲಿ ಸರ್ಕಾರದ ಲಸಿಕೆ ಪಟ್ಟಿಲಿ ಎಂಆರ್ (ದಡಾರ-ರುಬೆಲ್ಲಾ) ಎರಡನೇ ಡೋಸು, ಡಿಪಿಟಿ ಬೂಸ್ಟರು ಇರೋದು ಯಾವಾಗ ಹೇಳಿ, 16 ರಿಂದ 24 ತಿಂಗಳಲ್ಲಿ! ಅಂದ್ರೆ ಈ ಪ್ರಶ್ನೆ ಕೇಳ್ಬೇಕಾದ ವಯಸ್ಸಲ್ಲೇ ಮಗು ತಾನಾಗೇ ಬಂದು ಡಾಕ್ಟ್ರ ಮುಂದೆ ಕೂತಿರುತ್ತೆ, ಹೊರಗೆ ಕಾಯೋ ಅರ್ಧ ಗಂಟೆಲಿ ಆ ಹಾಳೆ ಕೈಗೆ ಕೊಟ್ಟಿದ್ರೆ ನಾವೇ ತುಂಬಿರ್ತಿದ್ವಿ. (ಲಸಿಕೆಯಿಂದ್ಲೇ ಆಟಿಸಂ ಬಂತು ಅನ್ನೋ ಅನುಮಾನ ಹುಟ್ಟೋದಕ್ಕೂ ಇದೇ ಒಂದು ಕಾರಣ, ಲಕ್ಷಣ ಕಣ್ಣಿಗೆ ಬೀಳೋ ವಯಸ್ಸೂ ಸೂಜಿ ವಯಸ್ಸೂ ಒಂದೇ. 1998ರಲ್ಲಿ 12 ಮಕ್ಕಳ ಲೆಕ್ಕ ಇಟ್ಕೊಂಡು ಹಾಗೆ ಹಬ್ಬಿಸಿದ ಲೇಖನಾನ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆ 2010ರಲ್ಲಿ ವಾಪಸ್ ತಗೊಂಡಿದೆ. ದಯವಿಟ್ಟು ಇಂಜೆಕ್ಷನ್ ಬಿಡಿಸ್ಬೇಡಿ.)

ಆಮೇಲೆ ನಾವು ಕಿವಿ ಕೇಳ್ಸಲ್ವೇನೋ ಅಂದ್ಕೊಂಡ್ವಿ. ಆದ್ರೆ ಅದೂ ಲೆಕ್ಕಕ್ಕೆ ಸಿಗ್ತಿರ್ಲಿಲ್ಲ, ಹಿಂದೆ ನಿಂತು ಹತ್ತು ಸಲ ಪುಟ್ಟಾ ಅಂದ್ರೂ ಅಲ್ಲಾಡ್ದೋನು ಅಡುಗೆಮನೇಲಿ ಬಿಸ್ಕೆಟ್ ಪ್ಯಾಕ್ ಬಿಚ್ಚಿದ್ರೆ ಓಡಿ ಬರೋನು, ಮಿಕ್ಸಿ ಹಾಕಿದ್ರೆ ಎರಡೂ ಕಿವಿ ಮುಚ್ಕೊಂಡು ಅಳೋನು. ಮೈಸೂರಿಗೆ ಹೋಗಿ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೇಲಿ ನಿದ್ದೆ ಮಾಡ್ಸಿ ಬೇರಾ ಅನ್ನೋ ಕಿವಿ ಟೆಸ್ಟ್ ಮಾಡ್ಸಿದ್ವಿ, ಕಿವಿ ಚೆನ್ನಾಗಿದೆ ಅಂದ್ರು. ಮಾತು ಬರ್ದೇ ಇದ್ರೆ ಮೊದ್ಲು ಕಿವಿ ನೋಡ್ಲೇಬೇಕು, ಅದು ಸರಿನೇ.

ರಿಪೋರ್ಟ್ ಹಿಡ್ಕೊಂಡು ಇನ್ನೊಬ್ರು ಡಾಕ್ಟ್ರ ಹತ್ರ ಹೋದ್ವಿ. ಅವ್ರು ಕೇಳಿದ್ದು ಎರಡೇ ಪ್ರಶ್ನೆ. "ಮೊಬೈಲ್ ಕೊಡ್ತೀರಾ?" ಊಟಕ್ಕೆ ಸ್ವಲ್ಪ ಸಾರ್. "ನೀವು ಕೆಲ್ಸಕ್ಕೆ ಹೋಗ್ತೀರೇನಮ್ಮಾ?" ಹೌದು ಸಾರ್. "ಅದಕ್ಕೇ." ಆ "ಅದಕ್ಕೇ" ಇವತ್ತಿಗೂ ನನ್ನ ಹೆಂಡ್ತಿ ಕಿವೀಲಿದೆ.

ಇದೇನು ಹೊಸ ಕಥೆ ಅಲ್ಲ. ಲಿಯೋ ಕ್ಯಾನರ್ ಅನ್ನೋ ಡಾಕ್ಟ್ರು ಅಮೆರಿಕಾದಲ್ಲಿ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದು ಆಟಿಸಂನ ಒಂದು ಬೇರೆ ಸ್ಥಿತಿ ಅಂತ ಗುರುತಿಸಿದ ಮೇಲೆ, ಎಷ್ಟೋ ವರ್ಷ ದೊಡ್ಡ ದೊಡ್ಡ ತಜ್ಞರೇ ತಾಯಿಗೆ ಪ್ರೀತಿ ಸಾಲ್ದು, ಫ್ರಿಜ್ಜಿನ ತರ ತಣ್ಣಗಿದಾಳೆ, ಅದಕ್ಕೇ ಮಗು ಹೀಗೆ ಅಂತ ಹೇಳ್ಕೊಂಡು ಬಂದ್ರು. ಅದು ಸುಳ್ಳು, ಇದು ಮೆದುಳು ಬೆಳೆಯೋ ರೀತಿಗೆ ಸೇರಿದ್ದು ಅಂತ 1964ರಲ್ಲಿ ವಾದ ಮಾಡಿದ ಬರ್ನಾರ್ಡ್ ರಿಮ್‌ಲ್ಯಾಂಡ್ ತಾನೇ ಆಟಿಸಂ ಇರೋ ಮಗನ ಅಪ್ಪ. ಆವಾಗ ಫ್ರಿಜ್ಜು, ಈವಾಗ ಮೊಬೈಲು, ಬೈಸ್ಕೊಳೋಳು ಮಾತ್ರ ಅದೇ ತಾಯಿ. ಮೊಬೈಲ್ ಕಮ್ಮಿ ಮಾಡಿ ಅನ್ನೋ ಸಲಹೆ ಒಳ್ಳೇದೇ, ನಾವೂ ಮಾಡಿದ್ವಿ. ಆದ್ರೆ ಅದು ಸಲಹೆ, ಡಯಾಗ್ನೋಸಿಸ್ ಅಲ್ಲ.

ಮೂರನೇವ್ರು ಇವ್ನನ್ನ ಎತ್ಕೊಂಡ್ರು, ಇವ್ನು ನಕ್ಕ. ನೋಡಿ, ಕಣ್ಣು ನೋಡ್ತಾನೆ, ನಗ್ತಾನೆ, ಆಟಿಸಂ ಅಲ್ವೇ ಅಲ್ಲ ಅಂದ್ರು! ಅರೆ, ಆಟಿಸಂ ಇರೋ ಮಕ್ಳು ನಗಲ್ಲ ಅಂತ ಯಾರು ಹೇಳಿದ್ರು? ನಮ್ಮೋನು ತಬ್ಕೋತಾನೆ, ಮುತ್ತೂ ಕೊಡ್ತಾನೆ. ಅವ್ನು ಮಾಡ್ದೇ ಇದ್ದಿದ್ದು ಬೇರೆ: ಹೋಗೋ ವಿಮಾನಾನ ಬೆರಳು ತೋರ್ಸಿ "ನೋಡು" ಅಂತ ನಮ್ಮ ಮುಖ ನೋಡೋದು. ಏನಾದ್ರೂ ಬೇಕಿದ್ರೆ ನನ್ನ ಕೈ ಹಿಡ್ದು ಎಳ್ಕೊಂಡು ಹೋಗಿ ಸ್ವಿಚ್ ಮೇಲೆ ಇಡೋನು, ನನ್ನ ಕೈ ಒಂದು ಇಕ್ಕಳ ಅನ್ನೋ ಹಾಗೆ. ಐದು ನಿಮಿಷದ ಓಪಿಡಿಲಿ ಇದು ಕಾಣಲ್ಲ, ಕೇಳಿದ್ರೆ ಮಾತ್ರ ಗೊತ್ತಾಗುತ್ತೆ. ಹೆಣ್ಮಕ್ಳಲ್ಲಂತೂ ಇನ್ನೂ ತಪ್ಪಿ ಹೋಗುತ್ತಂತೆ, ನಾಚಿಕೆ ಸ್ವಭಾವ ಅಂದು ಮುಗಿಸ್ತಾರೆ.

ಕೊನೆಗೆ ಆಟಿಸಂ ಅಂತ ಹೆಸರು ಬಿದ್ದಾಗ ಇವ್ನಿಗೆ ಮೂರೂವರೆ. ಅಲ್ಲೀವರೆಗೂ ಸ್ಪೀಚ್ ಥೆರಪಿಗಾದ್ರೂ ಕಳ್ಸಬೋದಿತ್ತಲ್ಲ ಅನ್ನೋದೇ ನನ್ನ ಸಿಟ್ಟು, ಅದಕ್ಕೆ ಆಟಿಸಂ ಅನ್ನೋ ಚೀಟಿ ಬೇಕಾಗಿರ್ಲಿಲ್ಲ. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರದ ಆರ್‌ಬಿಎಸ್‌ಕೆ ಅನ್ನೋ ಯೋಜನೆ 2013ರಿಂದ ಇದೆ, ಅದ್ರ ಕಾಯಿಲೆ-ಕೊರತೆ ಪಟ್ಟಿಲಿ ಆಟಿಸಂ ಕೂಡ ಇದೆ, ಅಂಥ ಮಕ್ಕಳಿಗೇ ಅಂತ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅನ್ನೋ ಕೇಂದ್ರ ಮಾಡಿದಾರೆ, ಮೂರು ಡಾಕ್ಟ್ರಲ್ಲಿ ಒಬ್ರೂ ಆ ಹೆಸರು ಎತ್ಲಿಲ್ಲ.

ಹೋದ ತಿಂಗಳು ನೆಗಡಿಗೆ ಅಂತ ಅದೇ ಮೊದಲ್ನೇ ಡಾಕ್ಟ್ರ ಹತ್ರ ಹೋಗಿದ್ದೆ, ಹೌದು ಈಗ್ಲೂ ಅವ್ರೇ. ಆ 20 ಪ್ರಶ್ನೆ ಪ್ರಿಂಟ್ ತೆಗ್ಸಿ ಇಟ್ಕೊಂಡಿದ್ದೆ, ಬೇಜಾರ್ ಮಾಡ್ಕೋಬೇಡಿ ಸಾರ್ ಅಂತ ಟೇಬಲ್ ಮೇಲಿಟ್ಟೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಸ್ವಲ್ಪ ಹೊತ್ತು ಪುಟ್ಟನ್ನ ನೋಡಿದ್ರು. "ಇಂಗ್ಲಿಷಲ್ಲಿದೆಯಲ್ರೀ, ನಮ್ಮ ಹಳ್ಳಿ ಕಡೆಯೋರು ಹೆಂಗೆ ತುಂಬ್ತಾರೆ, ಕನ್ನಡದ್ದು ಸಿಕ್ರೆ ವಾಟ್ಸಾಪ್ ಮಾಡಿ" ಅಂದ್ರು. ಮಾರನೇ ದಿನ ಬೆಳಿಗ್ಗೇನೇ ಕಳ್ಸಿದೀನಿ. ನೀಲಿ ಟಿಕ್ ಬಿದ್ದಿದೆ.