ಐದು ದಿನ ನೋಡಿ ಡ್ರಾ ಆದ್ರೆ ಏನು ಬಂತು?

ಭಾರತ–ಆಸ್ಟ್ರೇಲಿಯಾ ಟೆಸ್ಟ್ ಸರಣಿ ಶುರುವಾಯಿತೆಂದರೆ ನನಗೆ ಈ ಪ್ರಶ್ನೆಯ ಕಾಟವೂ ಶುರು. ಪಂದ್ಯ ಅಲ್ಲಿ ನಡೆಯುವಾಗ ನಾನು ಬೆಳಗಿನ ಜಾವ ಅಲಾರಂ ಇಟ್ಟುಕೊಂಡು ಏಳುವುದು ಮನೆಯವರಿಗೂ ಗೊತ್ತು, ಜೊತೆಯಲ್ಲಿ ಕೆಲಸ ಮಾಡುವವರಿಗೂ ಗೊತ್ತು. ಗೊತ್ತಿದ್ದವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಅಲ್ಲಾ, ಐದು ದಿನ ಕೂತು ನೋಡ್ತೀಯಲ್ಲ, ಕೊನೆಗೆ ಡ್ರಾ ಆದ್ರೆ ಏನು ಬಂತು?" ಇಷ್ಟು ವರ್ಷ ನಕ್ಕು, "ಅದರಲ್ಲೂ ಒಂದು ಖುಷಿ ಇದೆ ಬಿಡಿ" ಎಂದು ಮಾತು ಮುಗಿಸುತ್ತಿದ್ದೆ. ಇನ್ನು ಆ ತಾಳ್ಮೆ ಇಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಮುಂದೆ ಯಾರೇ ಕೇಳಿದರೂ ಇದನ್ನು ಓದಿಕೊಳ್ಳಿ ಎನ್ನುತ್ತೇನೆ.

ಮೊದಲನೆಯದಾಗಿ, ನನ್ನ ಸಿಟ್ಟು ಆ "ಆದ್ರೆ" ಎನ್ನುವ ಪದದ ಮೇಲೆ. ಮಳೆ ಬಂದ ಹಾಗೆ, ಕರೆಂಟು ಹೋದ ಹಾಗೆ, ಡ್ರಾ ಕೂಡ ತಾನಾಗಿಯೇ "ಆಗುತ್ತದೆ" ಎಂದು ಇವರೆಲ್ಲ ನಂಬಿದ್ದಾರೆ. ಸಪ್ಪೆ ಪಿಚ್ ಮೇಲೆ ಎರಡೂ ಕಡೆಯವರು ಐನೂರು ಐನೂರು ಹೊಡೆದು ಕೈ ಕುಲುಕುವ ಪಂದ್ಯಗಳು ಇವೆ, ಇಲ್ಲ ಎನ್ನುವುದಿಲ್ಲ. ಮಳೆಯೇ ಎರಡು ದಿನ ನುಂಗಿದ ಪಂದ್ಯಗಳೂ ಇವೆ. ಅವುಗಳ ಪರವಾಗಿ ನಾನು ವಾದ ಮಾಡುತ್ತಿಲ್ಲ. ಆದರೆ ಐದನೆಯ ದಿನ, ಬಿರುಕು ಬಿಟ್ಟ ಪಿಚ್‌ನಲ್ಲಿ, ಬ್ಯಾಟಿನ ಸುತ್ತ ಐದಾರು ಫೀಲ್ಡರ್‌ಗಳು ಕೈಗೆಟುಕುವ ದೂರದಲ್ಲಿ ಬಗ್ಗಿ ನಿಂತಿರುವಾಗ, ಡ್ರಾ ಆಗುವುದಿಲ್ಲ. ಯಾರಾದರೂ ಮಾಡಬೇಕು.

ಇನ್ನು ಕೆಲವರು ಡ್ರಾಕ್ಕೂ ಟೈಗೂ ವ್ಯತ್ಯಾಸವೇ ತಿಳಿಯದೆ ಕೇಳುತ್ತಾರೆ. ಟೈ ಎಂದರೆ ಕೊನೆಯ ವಿಕೆಟ್ಟೂ ಬಿದ್ದು ರನ್ ಸಮ ಆಗುವುದು. ಟೆಸ್ಟ್ ಇತಿಹಾಸದಲ್ಲಿ ಅದು ಎರಡೇ ಸಲ ಆಗಿದೆ. 1960ರಲ್ಲಿ ಬ್ರಿಸ್ಬೇನ್‌ನಲ್ಲಿ, ಆಸ್ಟ್ರೇಲಿಯಾ–ವೆಸ್ಟ್ ಇಂಡೀಸ್ ನಡುವೆ ಒಮ್ಮೆ. 1986ರಲ್ಲಿ ಮದ್ರಾಸಿನಲ್ಲಿ, ಇದೇ ಭಾರತ–ಆಸ್ಟ್ರೇಲಿಯಾ ನಡುವೆ ಇನ್ನೊಮ್ಮೆ. 348ರ ಗುರಿ, 347ಕ್ಕೆ ಭಾರತ ಆಲೌಟ್, ಕೊನೆಯ ಓವರಿನ ಐದನೇ ಎಸೆತದಲ್ಲಿ ಮಣಿಂದರ್ ಸಿಂಗ್ ಎಲ್‌ಬಿಡಬ್ಲ್ಯು. ಡ್ರಾದಲ್ಲಿ ಲೆಕ್ಕ ಬೇರೆ. ಅಲ್ಲಿ ರನ್ ಎಷ್ಟಿದ್ದರೂ ಸರಿ, ಹೊತ್ತು ಮುಗಿಯುವ ತನಕ ಹತ್ತು ವಿಕೆಟ್ ಬೀಳದಂತೆ ಕಾಯ್ದುಕೊಂಡರೆ ಸಾಕು. "ಸಾಕು" ಎಂದು ಬರೆಯುವುದು ಸುಲಭ.

ನನ್ನ ಮನಸ್ಸಿನಲ್ಲಿ ಈ ಪ್ರಶ್ನೆ ಮುಳ್ಳಾಗಿ ಉಳಿದದ್ದು ಒಂದು ನಿರ್ದಿಷ್ಟ ದಿನದಿಂದ. 2021ರ ಜನವರಿ 11, ಸೋಮವಾರ. ಸಿಡ್ನಿ ಟೆಸ್ಟಿನ ಐದನೇ ದಿನ.

ಆ ಸರಣಿಯ ಕಥೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಅಡಿಲೇಡ್‌ನಲ್ಲಿ 36 ರನ್‌ಗೆ ಕುಸಿದು ಸೋತದ್ದು, ಮೆಲ್ಬರ್ನ್‌ನಲ್ಲಿ ರಹಾನೆ 112 ಹೊಡೆದು ಗೆಲ್ಲಿಸಿದ್ದು. 1–1. ಸಿಡ್ನಿಯಲ್ಲಿ ಗುರಿ 407. ಹಿಂದಿನ ಸಂಜೆ 98 ರನ್‌ಗೆ 2 ವಿಕೆಟ್. ಬೆಳಗ್ಗೆ ಕಣ್ಣು ಸರಿಯಾಗಿ ಬಿಡುವ ಮೊದಲೇ ರಹಾನೆ ಔಟ್. ಮೊದಲ ಇನಿಂಗ್ಸ್‌ನಲ್ಲಿ ಮೊಣಕೈಗೆ ಪೆಟ್ಟು ತಿಂದಿದ್ದ ಪಂತ್ ಬಂದು 118 ಎಸೆತಕ್ಕೆ 97 ಹೊಡೆದರು. ಆಗ ಒಂದೆರಡು ಗಂಟೆ ನಾನೂ ಗೆಲುವಿನ ಕನಸು ಕಂಡೆ. ಪಂತ್ ಹೋದರು. 205 ಎಸೆತ ಎದುರಿಸಿ 77 ಹೊಡೆದಿದ್ದ ಪೂಜಾರ ಹೋದರು. 272ಕ್ಕೆ 5. ಉಳಿದವರು ಹನುಮ ವಿಹಾರಿ ಮತ್ತು ಅಶ್ವಿನ್. ಅವರ ಹಿಂದೆ ಹೆಬ್ಬೆರಳು ಮುರಿದುಕೊಂಡ ಜಡೇಜ ಪ್ಯಾಡ್ ಕಟ್ಟಿ ಕೂತಿದ್ದರು.

ವಿಹಾರಿ ಒಂದು ರನ್ ಓಡಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಎಳೆದುಕೊಂಡಿದ್ದರು. ಇನ್ನು ಓಡುವ ಮಾತಿಲ್ಲ. ಅಶ್ವಿನ್‌ಗೆ ಬೆನ್ನುನೋವು. ಬೆಳಗ್ಗೆ ನೆಟ್ಟಗೆ ನಿಲ್ಲಲಾಗದೆ, ಬಗ್ಗಿ ಶೂ ಲೇಸ್ ಕಟ್ಟಿಕೊಳ್ಳಲಾಗದೆ ಮೈದಾನಕ್ಕೆ ಹೊರಟಿದ್ದರು ಎಂದು ಅವರ ಪತ್ನಿ ಆಮೇಲೆ ಹೇಳಿಕೊಂಡರು. ಎದುರಿಗೆ ವೇಗಿಗಳಾದ ಸ್ಟಾರ್ಕ್, ಹೇಜಲ್‌ವುಡ್, ಕಮಿನ್ಸ್, ಜೊತೆಗೆ ಸ್ಪಿನ್ನರ್ ಲಯನ್. ಆಡಿ ಮುಗಿಸಬೇಕಾದದ್ದು ನಲವತ್ತಕ್ಕೂ ಹೆಚ್ಚು ಓವರ್.

ಆ ಹೊತ್ತಿನಲ್ಲಿ ನಮ್ಮ ಭಾವ ಕೋಣೆಗೆ ಬಂದರು.

"ಏನಮ್ಮಾ, ಗೆಲ್ತೀವಾ?"

"ಇಲ್ಲ ಭಾವ, ಇನ್ನು ಆಗಲ್ಲ."

"ಹಾಗಾದ್ರೆ ಸೋಲ್ತೀವಾ?"

"ಗೊತ್ತಿಲ್ಲ. ಸೋಲದೇ ಇರೋಕೆ ಆಡ್ತಿದ್ದಾರೆ."

"ಗೆಲ್ಲೋದೂ ಇಲ್ಲ ಅಂದ್ಮೇಲೆ ಇಷ್ಟು ಹೊತ್ತು ಏನು ನೋಡ್ತಾ ಇದೀಯ?"

ನಾನು ಉತ್ತರ ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ, ಸ್ಟಾರ್ಕ್ ಓಡಿ ಬರುತ್ತಿದ್ದರು. ವಿಹಾರಿ ಆ ಚೆಂಡನ್ನು ಕಾಲಬುಡದಲ್ಲಿ ಕೊಂದರು. ಭಾವ ಎರಡು ಓವರ್ ನಿಂತರು, ಒಂದು ರನ್ನೂ ಬರಲಿಲ್ಲ. "ಏನೂ ಆಗ್ತಾನೇ ಇಲ್ವಲ್ಲಮ್ಮಾ" ಎಂದು ಹೊರಟುಹೋದರು.

ಏನೂ ಆಗುತ್ತಿರಲಿಲ್ಲವೇ! ಆ ಎರಡು ಓವರಿನಲ್ಲಿ ಏನೇನಾಯಿತು ಎಂದು ಅವರಿಗೆ ಹೇಳಬೇಕೆಂದು ನನಗೆ ಇವತ್ತಿಗೂ ಆಸೆ. ಕುಂಟುವ ಕಾಲಿನವನು ಲಯನ್‌ಗೆ ಮುಂದೆ ಹೆಜ್ಜೆ ಇಟ್ಟು ಆಡಲಾರ. ಬೆನ್ನು ಹಿಡಿದುಕೊಂಡವನು ಮೈಮೇಲೆ ಬರುವ ಬೌನ್ಸರ್‌ಗೆ ಬಗ್ಗಲಾರ. ಹಾಗಾಗಿ ಇಬ್ಬರೂ ಕೆಲಸ ಹಂಚಿಕೊಂಡರು. ಸ್ಪಿನ್ ತುದಿಯಲ್ಲಿ ಆದಷ್ಟು ಅಶ್ವಿನ್, ವೇಗದ ತುದಿಯಲ್ಲಿ ಆದಷ್ಟು ವಿಹಾರಿ. ಅವರು ಬಿಟ್ಟುಕೊಟ್ಟ ಒಂದೊಂದು ಸಿಂಗಲ್ಲಿನ ಹಿಂದೆಯೂ ಈ ಲೆಕ್ಕವಿತ್ತು. ಅಶ್ವಿನ್‌ಗೆ ಪಕ್ಕೆಗೆ, ತೋಳಿಗೆ ಪೆಟ್ಟು ಬೀಳುತ್ತಲೇ ಇತ್ತು. ವಿಕೆಟ್ ಹಿಂದಿನಿಂದ ನಾಯಕ ಟಿಮ್ ಪೇನ್ ಕೆಣಕುತ್ತಿದ್ದರು, ಸ್ಟಂಪ್ ಮೈಕ್‌ನಲ್ಲಿ ಎಲ್ಲ ಕೇಳುತ್ತಿತ್ತು. ಅದೇ ಪೇನ್ ಆ ದಿನ ಮೂರು ಕ್ಯಾಚ್ ಕೈಚೆಲ್ಲಿದರು. ಮೂರನೆಯದು ವಿಹಾರಿಯದು, ಇನ್ನು ಕೆಲವೇ ಓವರ್ ಉಳಿದಿರುವಾಗ. ನಾನು ಕೂತಲ್ಲೇ ಕಿರುಚಿದ್ದೆ. ಮರುದಿನ ಪೇನ್ ತಮ್ಮ ನಡವಳಿಕೆಗೆ ಕ್ಷಮೆ ಕೇಳಿದರು. ಅದಕ್ಕೂ ಒಂದು ದೊಡ್ಡತನ ಬೇಕು, ಅದನ್ನೂ ಹೇಳಿಬಿಡುತ್ತೇನೆ.

ವಿಹಾರಿ 161 ಎಸೆತಕ್ಕೆ ಅಜೇಯ 23. ಅಶ್ವಿನ್ 128 ಎಸೆತಕ್ಕೆ ಅಜೇಯ 39. ಭಾರತ 5 ವಿಕೆಟ್‌ಗೆ 334, 131 ಓವರ್. ಅವರು ಕೈ ಕುಲುಕಿದಾಗ ನಾನು ಅಳುತ್ತಿದ್ದೆ. ಗೆದ್ದ ಎಷ್ಟೋ ಪಂದ್ಯಗಳಿಗೆ ಹಾಗೆ ಅತ್ತಿಲ್ಲ.

ಕಣ್ಣೀರು ಲೆಕ್ಕಕ್ಕಿಲ್ಲ, ಲಾಭ ಏನು ಹೇಳು ಎನ್ನುವವರಿಗೆ ಲಾಭವನ್ನೂ ಹೇಳುತ್ತೇನೆ. ಅವತ್ತು ಸೋತಿದ್ದರೆ 1–2. ಮುಂದಿನ ಪಂದ್ಯ ಬ್ರಿಸ್ಬೇನಿನ ಗಾಬಾದಲ್ಲಿ, 1988ರಿಂದ ಆಸ್ಟ್ರೇಲಿಯಾ ಒಂದೂ ಟೆಸ್ಟ್ ಸೋಲದ ಅಂಗಳದಲ್ಲಿ. ಅಲ್ಲಿ ಏನೇ ಪವಾಡ ಮಾಡಿದರೂ ಸರಣಿ 2–2ರ ಮೇಲೆ ಹೋಗುತ್ತಿರಲಿಲ್ಲ. ಡ್ರಾ ಮಾಡಿಕೊಂಡದ್ದರಿಂದ 1–1 ಉಳಿಯಿತು. ಜನವರಿ 19ರಂದು 328ರ ಗುರಿ ಮುಟ್ಟಿ, ಪಂತ್ ಅಜೇಯ 89 ಹೊಡೆದು ಗೆದ್ದಾಗ ಸರಣಿ 2–1 ನಮ್ಮದಾಯಿತು. ಅವತ್ತು ಇದೇ ಭಾವ ಪಂತ್ ಹೊಡೆದ ಕೊನೆಯ ಬೌಂಡರಿಯ ವಿಡಿಯೊ ನನಗೆ ಕಳಿಸಿ "ಇದಪ್ಪಾ ಆಟ ಅಂದ್ರೆ!" ಎಂದು ಬರೆದರು. ಆ ಗೆಲುವಿನ ಹನ್ನೊಂದು ಮಂದಿಯಲ್ಲಿ ವಿಹಾರಿ ಇರಲಿಲ್ಲ, ಅಶ್ವಿನ್ ಇರಲಿಲ್ಲ. ಸಿಡ್ನಿಯ ಆ ಮಧ್ಯಾಹ್ನವೇ ಅವರಿಬ್ಬರ ಮೈಯನ್ನು ಮುಗಿಸಿತ್ತು. ಗಾಬಾದ ಗೆಲುವಿಗೆ ಅವರು ಸೋಮವಾರವೇ ಬೆಲೆ ಕಟ್ಟಿ ಹೋಗಿದ್ದರು. ಆ ವಿಡಿಯೊದಲ್ಲಿ ಅದು ಕಾಣುವುದಿಲ್ಲ.

ಇಷ್ಟು ಬರೆದ ಮೇಲೆ ಅನ್ನಿಸುತ್ತಿದೆ, ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಅದನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ: "ಆ ಕಡೆಯವರಲ್ಲಿ ನಿನಗೆ ಯಾರ ಆಟ ಇಷ್ಟ?"

ಯಾಕೆ ಕೇಳುವುದಿಲ್ಲ? ವೈರಿ ದೇಶದ ತಂಡ, ಅವರನ್ನು ಇಷ್ಟಪಡುವುದೇ ತಪ್ಪು ಎನ್ನುವ ಭಾವನೆ. ಆದರೆ ಐದು ಟೆಸ್ಟ್ ಎಂದರೆ ಇಪ್ಪತ್ತೈದು ದಿನ. ಒಂದು ತಂಡದ ವಿರುದ್ಧ ಇಪ್ಪತ್ತೈದು ದಿನ ಕೂತವರಿಗೆ ಅವರ ಬೌಲರ್ ಯಾವಾಗ ದಣಿಯುತ್ತಾನೆ, ದಣಿದಾಗ ಭುಜ ಎಲ್ಲಿ ಇಳಿಯುತ್ತದೆ, ವಿಕೆಟ್ ಸಿಗದೆ ಮೂವತ್ತು ಓವರ್ ಹಾಕಿದವನು ಮೂವತ್ತೊಂದನೆಯದಕ್ಕೆ ಹೇಗೆ ಚೆಂಡು ಕೇಳಿ ಪಡೆಯುತ್ತಾನೆ ಎಲ್ಲವೂ ಗೊತ್ತಾಗುತ್ತದೆ. ಅಷ್ಟು ಗೊತ್ತಾದ ಮೇಲೂ ಒಬ್ಬರ ಮೇಲೂ ಗೌರವ ಹುಟ್ಟದಿದ್ದರೆ ಅವರು ಆಟ ನೋಡಿಯೇ ಇಲ್ಲ.

1999ರ ಜನವರಿ 31ರಂದು ಚೆನ್ನೈನ ಚೆಪಾಕ್‌ನಲ್ಲಿ ಪಾಕಿಸ್ತಾನ 12 ರನ್‌ನಿಂದ ನಮ್ಮನ್ನು ಸೋಲಿಸಿತು. ತೆಂಡೂಲ್ಕರ್ 136 ಹೊಡೆದು ಗೆಲುವಿನ ಹೊಸ್ತಿಲಲ್ಲಿ ಔಟಾದ ಪಂದ್ಯ. ಎದೆ ಒಡೆದ ಆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪಾಕಿಸ್ತಾನದ ಆಟಗಾರರು ಮೈದಾನಕ್ಕೆ ಸುತ್ತು ಬಂದರು. ಅಭಿಮಾನಿ ಎಂದರೆ ನನಗೆ ಆ ಗ್ಯಾಲರಿ. ಅದೇ 2021ರ ಸಿಡ್ನಿಯಲ್ಲಿ ಮೊಹಮ್ಮದ್ ಸಿರಾಜ್‌ಗೆ ಬೌಂಡರಿ ಗೆರೆಯಲ್ಲಿ ಪ್ರೇಕ್ಷಕರಿಂದ ನಿಂದನೆ ಕೇಳಬೇಕಾಯಿತು. ಆಟ ನಿಂತಿತು, ಆರು ಮಂದಿಯನ್ನು ಹೊರಗೆ ಕಳಿಸಿದರು. ತಂದೆಯನ್ನು ಕಳೆದುಕೊಂಡೂ ಊರಿಗೆ ಹೋಗದೆ ಪ್ರವಾಸದಲ್ಲೇ ಉಳಿದಿದ್ದ ಹುಡುಗ ಆತ. ಹಾಗೆ ನಿಂದಿಸಿದವರನ್ನು ಅಭಿಮಾನಿಗಳು ಎಂದು ಕರೆಯಲು ನಾನು ತಯಾರಿಲ್ಲ, ಯಾವ ದೇಶದವರಾದರೂ ಸರಿ.

ನನ್ನನ್ನು ಕೇಳಿದರೆ, ನನಗೆ ಇಷ್ಟ ನೇಥನ್ ಲಯನ್. ಸಿಡ್ನಿಯಲ್ಲಿ ಓವರ್ ಮೇಲೆ ಓವರ್ ಹಾಕಿಯೂ ವಿಹಾರಿ, ಅಶ್ವಿನ್ ಜೋಡಿಯನ್ನು ಮುರಿಯಲಾಗದೆ ಮರಳಿದವರು. ಗಾಬಾ ಅವರ ನೂರನೇ ಟೆಸ್ಟ್. ಅದನ್ನು ಸೋತ ಮೇಲೆ ರಹಾನೆ ಅವರನ್ನು ಕರೆದು, ನಮ್ಮ ಆಟಗಾರರೆಲ್ಲ ಸಹಿ ಹಾಕಿದ ಜೆರ್ಸಿಯನ್ನು ಕೈಗಿಟ್ಟರು. ನನ್ನ ಮಟ್ಟಿಗೆ ಟ್ರೋಫಿ ಎತ್ತಿದ ಚಿತ್ರದಷ್ಟೇ ದೊಡ್ಡ ಚಿತ್ರ ಅದು.

ಲಯನ್ ಆ ಸಾಲವನ್ನು ಬಡ್ಡಿ ಸಮೇತ ತೀರಿಸಿದ್ದು 2024ರ ಡಿಸೆಂಬರಿನ ಮೆಲ್ಬರ್ನ್‌ನಲ್ಲಿ. ಐದು ದಿನಕ್ಕೆ 3,73,691 ಜನ ಸೇರಿದ ಟೆಸ್ಟ್ ಅದು. ಟೆಸ್ಟ್ ಯಾರು ನೋಡುತ್ತಾರೆ ಎನ್ನುವವರು ಆ ಅಂಕಿಯನ್ನು ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಲಿ. ಆಸ್ಟ್ರೇಲಿಯಾ 173ಕ್ಕೆ 9. ಇನ್ನೇನು ಮುಗಿಯಿತು ಎನ್ನುವಾಗ ಲಯನ್ ಮತ್ತು ಬೋಲ್ಯಾಂಡ್ ಕಚ್ಚಿಕೊಂಡು ನಿಂತರು. 61 ರನ್ ಸೇರಿಸಿದರು. ನಾಲ್ಕನೇ ದಿನದ ಕೊನೆಯ ಓವರಿನಲ್ಲಿ ಬುಮ್ರಾ ಎಸೆತಕ್ಕೆ ಲಯನ್ ಕೊಟ್ಟ ಕ್ಯಾಚನ್ನು ರಾಹುಲ್ ಎರಡು ತೊಡೆಗಳ ನಡುವೆ ಹಿಡಿದರು, ಅಷ್ಟರಲ್ಲಿ ನೋಬಾಲ್. ನನಗೆ ಹೊಟ್ಟೆ ಉರಿಯಿತು. ಆದರೆ ಆ ಇಬ್ಬರು ಮಾಡುತ್ತಿದ್ದುದು ವಿಹಾರಿ, ಅಶ್ವಿನ್ ಮಾಡಿದ ಕೆಲಸವನ್ನೇ. ಸಿಡ್ನಿಯಲ್ಲಿ ಅದಕ್ಕೆ ಅತ್ತವಳು ಮೆಲ್ಬರ್ನ್‌ನಲ್ಲಿ ಅದನ್ನು ಬೈಯುವುದು ಹೇಗೆ?

ಐದನೇ ದಿನ ಗುರಿ 340. ಊಟದ ವೇಳೆಗೆ 33ಕ್ಕೆ 3. ಊಟದಿಂದ ಚಹಾದವರೆಗೆ ಜೈಸ್ವಾಲ್, ಪಂತ್ ಒಂದೂ ವಿಕೆಟ್ ಕೊಡಲಿಲ್ಲ. 112ಕ್ಕೆ 3. ಒಂದು ಅವಧಿ ಉಳಿದಿದೆ, ಏಳು ವಿಕೆಟ್ ಕೈಯಲ್ಲಿವೆ. ಪಂತ್ ಟ್ರಾವಿಸ್ ಹೆಡ್ ಅವರ ಎಸೆತವನ್ನು ಎತ್ತಿ ಹೊಡೆದು ಗಡಿಯಲ್ಲಿ ಸಿಕ್ಕಿಬಿದ್ದರು. ಆಮೇಲೆ ಒಬ್ಬೊಬ್ಬರೇ. ಜೈಸ್ವಾಲ್ 208 ಎಸೆತ ತಡೆದು 84ಕ್ಕೆ ಹೋದರು. 34 ರನ್ ಅಂತರದಲ್ಲಿ ಏಳು ವಿಕೆಟ್, 155ಕ್ಕೆ ಆಲೌಟ್. ದಿನದಾಟ ಇನ್ನೂ ಹತ್ತಕ್ಕಿಂತ ಹೆಚ್ಚು ಓವರ್ ಉಳಿದಿತ್ತು. ಕೊನೆಯ ವಿಕೆಟ್ ಲಯನ್‌ದು.

ಆ ಸಂಜೆ ಭಾವ ಫೋನ್ ಮಾಡಿದರು.

"ಏನಮ್ಮಾ, ಸೋತ್ರಂತೆ?"

"ಹೂಂ ಭಾವ."

"ಗೆಲ್ಲೋಕಾಗ್ಲಿಲ್ಲ ಅಂದ್ರೆ ಹೋಗ್ಲಿ, ಡ್ರಾನಾದ್ರೂ ಮಾಡ್ಕೋಬಹುದಿತ್ತಲ್ಲ?"

ನಾಲ್ಕು ವರ್ಷದ ಹಿಂದೆ ಬಾಯಲ್ಲೇ ಉಳಿದುಹೋಗಿದ್ದ ಉತ್ತರವನ್ನು ಅವತ್ತು ಮುಕ್ಕಾಲು ಗಂಟೆ ಹೇಳಿದೆ. ಮಧ್ಯದಲ್ಲಿ ಅವರು ಒಮ್ಮೆ ಕೇಳಿದರು, "ಆ ವಿಹಾರಿ ಅಂದ್ರೆ ಯಾರು?"